ಶಿವಪುರದ ಬಯಲು

ಮದ್ದೂರಿನ ಬಳಿ ಶಿವಪುರದಲ್ಲಿರುವ ಸತ್ಯಾಗ್ರಹ ಸೌಧವನ್ನು ಜೀರ್ಣೋದ್ಧಾರ ಮಾಡಬೇಕೆಂಬ ಮಾತು ಆಗಾಗ್ಗೆ ಕೇಳಿಬರುತ್ತದೆ. ಗೋಡೆ ಛಾವಣಿಗಳ ವಿಚಾರದಲ್ಲಿ ನಮ್ಮ ತಕರಾರೇನೂ ಇಲ್ಲ. ಆದರೆ ಈ ದಿನ ನಾವು ವಾಚಕಮಹಾಶಯರ ಗಮನಕ್ಕೆ ತರಬಯಸುವುದು ಸೌಧವನ್ನಲ್ಲ, ಅದರ ಮುಂದಣ ಬಯಲನ್ನು.

1938ನೆಯ ಇಸವಿ ಏಪ್ರಿಲ್ 11ರಂದು ಅಲ್ಲಿ ಸೌಧವೂ ಇರಲಿಲ್ಲ, ಬೇಲಿಯೂ ಇರಲಿಲ್ಲ. ಮಂಡ್ಯವು ಪ್ರತ್ಯೇಕ ಜಿಲ್ಲೆಯಾಗಿ ಕೂಡ ಇರಲಿಲ್ಲ. ಅದು ಆದದ್ದು 1939ರಲ್ಲಿ. ಮೈಸೂರು ಕಾಂಗ್ರೆಸ್ಸಿನ ಪ್ರಥಮಾಧಿವೇಶನಕ್ಕೆ ಹಳ್ಳಿಹಳ್ಳಿಗಳಿಂದ ಸಹಸ್ರಾರು ಮಂದಿ ಬಂದು ನೆರೆದದ್ದು ಬರಿಯ ನೆಲದ ಮೇಲೆ. ರಾಷ್ಟ್ರಧ್ವಜವನ್ನು ಏರಿಸಕೂಡದೆಂದು ಸರ್ಕಾರದವರು ನಿಷೇಧಾಜ್ಞೆ ಹೊರಡಿಸಿದ್ದರು. ಅಧ್ಯಕ್ಷರಾದ ಶ್ರೀಮಾನ್ ಟಿ. ಸಿದ್ಧಲಿಂಗಯ್ಯನವರು ಆಜ್ಞೆಯನ್ನು ಮೀರಿ ಧ್ವಜವನ್ನೇರಿಸಿ ಬಂಧನಕ್ಕೊಳಗಾದರು. ಅದೇ ತಿಂಗಳು 25ರಂದು ವಿದುರಾಶ್ವತ್ಥದಲ್ಲಿ ಇದೇ ಧ್ವಜದ ನಿಮಿತ್ತ ನೆರೆದಿದ್ದ ಜನರ ಮೇಲೆ ಗುಂಡು ಹಾರಿತು. ಅನಂತರ ಸರ್ದಾರ್ ಪಟೇಲರೂ ಆಚಾರ್ಯ ಕೃಪಲಾನಿಯವರೂ ಬಂದು ದಿವಾನ್ ಸರ್ ಮಿರ್ಜಾ ಇಸ್ಮಾಯಿಲರೊಡನೆ ಸಂಧಾನ ನಡೆಸಿದ ಮೇಲೆ, ಸಂಸ್ಥಾನದ ಧ್ವಜದೊಡನೆ ರಾಷ್ಟ್ರಧ್ವಜಕ್ಕೂ ಸ್ಥಾನ ದೊರೆಯಿತು.

ಆದ್ದರಿಂದ ಇಲ್ಲಿ ಉಳಿಸಿಕೊಳ್ಳತಕ್ಕದ್ದು ಯಾರು ಬೇಕಾದರೂ ಬಂದು ನಿಲ್ಲಬಹುದಾಗಿದ್ದ ಆ ನೆಲದ ಗುಣ. ಸರ್ಕಾರಿ ಕಾಮಗಾರಿಗಳ ರೀತಿ ನಮಗೆ ಅಪರಿಚಿತವಲ್ಲ: ಸುಣ್ಣಬಣ್ಣ, ಕಬ್ಬಿಣದ ಗೇಟು, ಗೇಟಿಗೊಂದು ಬೀಗ, ಉದ್ಘಾಟಕರ ಹೆಸರು ಕೆತ್ತಿದ ಕಲ್ಲು. ಆ ಕಲ್ಲಿನಲ್ಲಿ ಸತ್ಯಾಗ್ರಹಿಗಳ ಹೆಸರಿಗೂ ಜಾಗ ಮಿಕ್ಕರೆ ಪುಣ್ಯ!

ಪ್ರವಾಸಿಗಳು ಬರುವರೆಂಬ ಲೆಕ್ಕಾಚಾರವೂ ನಿಲ್ಲುವಂಥದಲ್ಲ. 2023ರ ಮಾರ್ಚಿ 12ರಂದು ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾದ ಮೇಲೆ, ಮದ್ದೂರಿನಲ್ಲಿಳಿದು ವಡೆ ತಿನ್ನುವ ವ್ಯವಧಾನವೇ ದೂರಪ್ರಯಾಣಿಕನಿಗೆ ಇಲ್ಲವಾಗಿರುವಾಗ, ಅವನು ಚರಿತ್ರೆಗಾಗಿ ಗಾಡಿ ನಿಲ್ಲಿಸುವನೆ? ಈ ಬಯಲು ಸಲ್ಲಬೇಕಾದದ್ದು ಮಂಡ್ಯ, ಮದ್ದೂರು, ಮಳವಳ್ಳಿಗಳ ಜನಕ್ಕೆ. ಅವರಿಗೆ ನೆರಳಿನ ಮರಗಳು ಬೇಕು, ಕೂರಲು ಜಗುಲಿ ಬೇಕು, ಕುಡಿಯಲು ನೀರು ಬೇಕು. ನಡೆದ ಸಂಗತಿಯನ್ನು ಶಾಲಾಬಾಲಕನಿಗೂ ತಿಳಿಯುವ ಕನ್ನಡದಲ್ಲಿ ಬರೆದ ಫಲಕ ಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಶುಲ್ಕವಿಲ್ಲದೆ ಸಭೆ ಸೇರುವ ಹಕ್ಕು ಬೇಕು.

ಇಲ್ಲಿಯೇ ನಿಜವಾದ ಪರೀಕ್ಷೆ. ಕಬ್ಬಿನ ಬೆಲೆಗಾಗಿ, ಕಾವೇರಿಯ ನೀರಿಗಾಗಿ ಈ ಜಿಲ್ಲೆಯ ರೈತರು ಹೆದ್ದಾರಿಯಲ್ಲಿ ಕುಳಿತದ್ದುಂಟು. ಅವರು ನಾಳೆ ಶಿವಪುರದ ಬಯಲಿನಲ್ಲಿ ಸಭೆ ಸೇರುವೆವೆಂದರೆ ಅಧಿಕಾರಿಗಳು ಒಪ್ಪುವರೆ? ಒಪ್ಪದಿದ್ದರೆ, ಆಜ್ಞೆ ಮೀರಿದವರ ಸ್ಮಾರಕಕ್ಕೆ ಹೊಸ ನಿಷೇಧಾಜ್ಞೆಯನ್ನೇ ಹೊದಿಸಿದಂತಾಗುತ್ತದೆ. ಸ್ಥಳ ಹಾಳಾದೀತೆಂಬ ಆಕ್ಷೇಪಣೆಗೆ ಉತ್ತರ ಸುಲಭ: ಒಬ್ಬ ಮಾಲಿ, ಒಬ್ಬ ಕಾವಲುಗಾರ, ಅವರಿಬ್ಬರಿಗೂ ತಪ್ಪದೆ ಸಂಬಳ.

ಕಂಟ್ರಾಕ್ಟು ಕೊಡುವುದಕ್ಕೆ ಮುಂಚೆ ನಕ್ಷೆಯನ್ನೂ ಅಂದಾಜುಪಟ್ಟಿಯನ್ನೂ ಮದ್ದೂರಿನ ತಾಲ್ಲೂಕು ಕಚೇರಿಯ ಬಾಗಿಲಲ್ಲಿ ಒಂದು ತಿಂಗಳು ತೂಗುಹಾಕಿ, ಮಹಾಜನರ ಅಭಿಪ್ರಾಯವನ್ನು ಬರಹದಲ್ಲಿ ಪಡೆಯತಕ್ಕದ್ದು.