ಗುಂಡಿಯನ್ನೊತ್ತುವ ಮುನ್ನ

ಪ್ರಯೋಗವೊಂದರ ಫಲ ‘ಗಮನಾರ್ಹ’ವೆಂದು ಸಂಖ್ಯಾಶಾಸ್ತ್ರ ಸಾರಿದೊಡನೆ, ಆ ಫಲ ದೊಡ್ಡದೆಂದೇ ನಮ್ಮ ವಿದ್ಯಾರ್ಥಿಗಳಲ್ಲಿ ಹಲವರು ಭಾವಿಸುತ್ತಾರೆ. ಇದು ತಪ್ಪು. ನಿಜವಾಗಿ ಭೇದವೇ ಇಲ್ಲದಿದ್ದರೆ ಇಷ್ಟು ವ್ಯತ್ಯಾಸ ಆಕಸ್ಮಿಕವಾಗಿ ತೋರುವುದು ಅಪರೂಪ ಎಂಬಷ್ಟನ್ನೇ ಆ ಪದ ಹೇಳುತ್ತದೆ. ವ್ಯತ್ಯಾಸ ಎಷ್ಟೆಂಬ ವಿಷಯದಲ್ಲಿ ಅದು ಮೌನಿ.

‘ಎಷ್ಟು’ ಎಂಬುದಕ್ಕೆ ಉತ್ತರವೇ ಪರಿಣಾಮದ ಗಾತ್ರ. ಎರಡು ಗುಂಪುಗಳ ಸರಾಸರಿಗಳ ಅಂತರವನ್ನು ಮಾನಕ ವಿಚಲನೆಯಿಂದ, ಎಂದರೆ ಅಂಕಿಗಳ ಸಹಜ ಚೆದರಿಕೆಯ ಅಳತೆಯಿಂದ, ಭಾಗಿಸಿದರೆ ಅದು ದೊರೆಯುತ್ತದೆ. ಮೂಲ ಅಂಕಿಗಳು ಸಿಗದಿದ್ದರೂ ಚಿಂತೆಯಿಲ್ಲ. 1908ರಲ್ಲಿ ಗಾಸೆಟ್ ‘ಸ್ಟೂಡೆಂಟ್’ ಎಂಬ ಗುಪ್ತನಾಮದಿಂದ ಪ್ರಕಟಿಸಿದ ವಿಧಾನದಿಂದ ಬೆಳೆದುಬಂದ ‘ಟಿ’ ಪರೀಕ್ಷೆಯ ಫಲ ವರದಿಯಲ್ಲಿದ್ದರೆ ಸಾಕು. ಗುಂಪುಗಳು ಸಮವಾಗಿದ್ದಲ್ಲಿ ‘ಟಿ’ಯನ್ನು ಇಮ್ಮಡಿಸಿ, ಒಟ್ಟು ಜನರ ಸಂಖ್ಯೆಯ ವರ್ಗಮೂಲದಿಂದ ಭಾಗಿಸಬೇಕು. ‘ಟಿ’ 2.5, ಜನ 50 ಇದ್ದರೆ ಗಾತ್ರ 0.71, ಅದೇ 2.5ಕ್ಕೆ ಜನ 10,000 ಇದ್ದರೆ 0.05. ಎರಡೂ ‘ಗಮನಾರ್ಹ’ವೇ! ಆದರೆ ಒಂದು ಇನ್ನೊಂದರ ಹದಿನಾಲ್ಕು ಮಡಿ.

ಇಂದು ಈ ಲೆಕ್ಕವನ್ನು ತಂತ್ರಾಂಶಗಳು ಕ್ಷಣಮಾತ್ರದಲ್ಲಿ ಮಾಡಿಕೊಡುತ್ತವೆ. ಅದು ಸ್ವಾಗತಾರ್ಹವೇ. ನನ್ನ ಆಕ್ಷೇಪ ಯಂತ್ರದ ಮೇಲಲ್ಲ, ಪ್ರಯೋಗದ ರಚನೆಯನ್ನು ನೆನೆಯದೆ ಅದಕ್ಕೆ ಅಂಕಿಗಳನ್ನು ಒಪ್ಪಿಸುವ ಅಭ್ಯಾಸದ ಮೇಲೆ. ಇಪ್ಪತ್ತೈದು ಹುಡುಗರನ್ನು ಪಾಠಕ್ಕೆ ಮೊದಲೊಮ್ಮೆ, ಅನಂತರವೊಮ್ಮೆ ಪರೀಕ್ಷಿಸಿದಾಗ ‘ಟಿ’ 2.5, ಸ್ವಾತಂತ್ರ್ಯಾಂಶ 24 (ಇಪ್ಪತ್ತೈದಕ್ಕೆ ಒಂದು ಕಡಮೆ) ಬಂದಿತೆನ್ನೋಣ. ಉಚಿತವಾಗಿ ದೊರೆಯುವ ‘ಆರ್’ ಎಂಬ ತಂತ್ರಾಂಶದಲ್ಲಿ ಇಂಥ ಪರಿವರ್ತನೆಗೆಂದೇ ಸಿದ್ಧಪಡಿಸಿದ ಆಜ್ಞೆಯಿದೆ. ಇವು ಜೋಡಿ ಅಂಕಿಗಳೆಂದು ತಿಳಿಸಿದರೆ ಅದು 0.51 ಎನ್ನುತ್ತದೆ, ಆ ಒಂದು ಮಾತನ್ನು ಮರೆತರೆ 1.02 ಎನ್ನುತ್ತದೆ. ಗದರುವುದಿಲ್ಲ, ಸಂಶಯಪಡುವುದೂ ಇಲ್ಲ. ಅಷ್ಟೇ ಅಲ್ಲ, 0.51 ಎಂಬುದು ಕೂಡ ಹುಡುಗರ ಪ್ರಗತಿಯಲ್ಲಿನ ಚೆದರಿಕೆಯನ್ನು ಅಳತೆಗೋಲಾಗಿ ಹಿಡಿದದ್ದು. ಅವರ ಅಂಕಗಳ ಚೆದರಿಕೆಯೇ ಅಳತೆಗೋಲಾಗಬೇಕಾದರೆ, ಮೊದಲ ಹಾಗೂ ಎರಡನೆಯ ಅಂಕಗಳ ಸಹಸಂಬಂಧ ಗುಣಾಂಕ ತಿಳಿದಿರಬೇಕು. ಅದು 0.8 ಆಗಿದ್ದರೆ ಗಾತ್ರ ಸುಮಾರು 0.32ಕ್ಕೆ ಇಳಿಯುತ್ತದೆ. ಎಷ್ಟೋ ವರದಿಗಳಲ್ಲಿ ಈ ಗುಣಾಂಕದ ಸುಳಿವೇ ಇರದು.

ಬಂದ ಉತ್ತರವನ್ನು ಓದುವುದರಲ್ಲಿಯೂ ಎಚ್ಚರ ಬೇಕು. ಅಮೆರಿಕದಲ್ಲಿ 22,071 ವೈದ್ಯರ ಮೇಲೆ ನಡೆದ ಆಸ್ಪಿರಿನ್ ಪ್ರಯೋಗದ 1988ರ ವರದಿಯನ್ನು ನೋಡಿರಿ. ಆಸ್ಪಿರಿನ್ ಸೇವಿಸಿದ 11,037 ಮಂದಿಯಲ್ಲಿ 104 ಹೃದಯಾಘಾತಗಳಾದರೆ, ಹುಸಿಗುಳಿಗೆ ಸೇವಿಸಿದ 11,034 ಮಂದಿಯಲ್ಲಿ 189. ಇಲ್ಲಿ ‘ಕೈ-ಸ್ಕ್ವೇರ್’ ಪರೀಕ್ಷೆಯ ಫಲ ಸುಮಾರು 25. ಅದನ್ನು ಒಟ್ಟು ಜನರ ಸಂಖ್ಯೆಯಿಂದ ಭಾಗಿಸಿ ವರ್ಗಮೂಲ ತೆಗೆದರೆ 0.034. ಇಂಥ ಗುಣಾಂಕಗಳಲ್ಲಿ 0.1ನ್ನೇ ‘ಸಣ್ಣದು’ ಎಂದವರು ಜೇಕಬ್ ಕೋಹೆನ್. ಆ ಪಟ್ಟಿಯನ್ನೇ ನಂಬಿದವನು ಈ ಔಷಧವನ್ನು ಕಸದಬುಟ್ಟಿಗೆ ಎಸೆದಾನು. ಆದರೆ ಹೃದಯಾಘಾತಗಳು ಶೇಕಡ 45ರಷ್ಟು ಇಳಿದಿದ್ದವು! (ಆಸ್ಪಿರಿನ್ ರಕ್ತಸ್ರಾವವನ್ನೂ ಉಂಟುಮಾಡಬಲ್ಲದು, ವೈದ್ಯರನ್ನು ಕೇಳದೆ ದಿನನಿತ್ಯ ನುಂಗತಕ್ಕದ್ದಲ್ಲ.)

0.034 ಮತ್ತು ಶೇಕಡ 45, ಎರಡೂ ಅವೇ ನಾಲ್ಕು ಅಂಕಿಗಳಿಂದ ಹುಟ್ಟಿದವು. ಆದುದರಿಂದ ಪರಿವರ್ತಿತ ಉತ್ತರದ ಪಕ್ಕದಲ್ಲಿ ಮೂಲ ಎಣಿಕೆಯನ್ನೂ ಪ್ರಯೋಗದ ರಚನೆಯನ್ನೂ ಬರೆಯಬೇಕೆಂದು ನಮ್ಮ ಕಾಲೇಜುಗಳು ಕಡ್ಡಾಯಮಾಡುವುದು ಲೇಸು. ಮೊದಲ ಐದಾರು ಪರಿವರ್ತನೆಗಳನ್ನಾದರೂ ವಿದ್ಯಾರ್ಥಿಗಳು ಕಾಗದದ ಮೇಲೆಯೇ ಮಾಡಲಿ.