ನಾಲ್ಕು ಕೋಲು, ಒಂದು ಬೆಲ್ಟ್

ಕಳೆದ ಅಕ್ಟೋಬರಿನಲ್ಲಿ ಪ್ರಾಜೆಕ್ಟ್ ಕೆಲಸಕ್ಕೆಂದು ಪುಣೆಯಿಂದ ಆರು ವಾರ ಅಮೆರಿಕದ ವಿಸ್ಕಾನ್ಸಿನ್‌ಗೆ ಹೋಗಿದ್ದೆ. ಅಲ್ಲಿನ ನಮ್ಮ ಟೀಮಿನ ಹಿರಿಯರೊಬ್ಬರಿಗೆ ಬಿಲ್ಲು ಬಾಣದಲ್ಲಿ ಜಿಂಕೆ ಬೇಟೆಯಾಡುವ ಹುಚ್ಚು. ಒಂದು ಶುಕ್ರವಾರ ಊಟಕ್ಕೆ ಕರೆದವರು, ತಟ್ಟೆ ತೊಳೆದಿಟ್ಟ ಮೇಲೆ ಗ್ಯಾರೇಜಿಗೆ ಕರೆದುಕೊಂಡು ಹೋಗಿ ನಾಲ್ಕು ಅಲ್ಯೂಮಿನಿಯಂ ಕೋಲುಗಳನ್ನು ನೆಲದ ಮೇಲೆ ಹರಡಿದರು.

ಅವುಗಳಿಗೆ ಕ್ಲೈಂಬಿಂಗ್ ಸ್ಟಿಕ್ ಎನ್ನುತ್ತಾರೆ. ಒಂದೊಂದೂ 20 ಇಂಚು ಉದ್ದ. ಮೇಲೊಂದು ಕೆಳಗೊಂದು ಮೆಟ್ಟಿಲು, ಮರಕ್ಕೆ ಬಿಗಿಯಲು ಒಂದು ಪಟ್ಟಿ. ನೋಡಿದ ಕೂಡಲೇ ನನಗೆ ನಮ್ಮ ಸಕಲೇಶಪುರದ ಕಡೆಯ ಮೆಣಸಿನ ಏಣಿ ನೆನಪಾಯಿತು. ಉದ್ದನೆಯ ಒಂದೇ ಬಿದಿರು, ಗೆಣ್ಣಿನ ಹತ್ತಿರ ಕಾಲಿಡುವಷ್ಟು ಜಾಗ. ಅದನ್ನು ಕೊಯ್ದು ನಾಲ್ಕು ತುಂಡು ಮಾಡಿದರೆ ಇದೇ.

ತುಂಡು ಯಾಕೆಂದರೆ, ಅವರು ಹೋಗುವುದು ಸರ್ಕಾರಿ ಕಾಡಿಗೆ. ಮರಕ್ಕೆ ಮೊಳೆ ಹೊಡೆಯುವಂತಿಲ್ಲ. ಬೆಳಗಿನ ಜಾವ ಕತ್ತಲಲ್ಲಿ ಎಲ್ಲವನ್ನೂ ಹೊತ್ತು ನಡೆದು, ಕಟ್ಟಿ, ಹತ್ತಿ, ವಾಪಸು ಬರುವಾಗ ಬಿಚ್ಚಿ ತರಬೇಕು. ನಮ್ಮ ಮಲೆನಾಡಿನಲ್ಲಿ ಹಿಂದೆ ಮರಸು ಕೂರುತ್ತಿದ್ದರಲ್ಲ, ಅದೇ ಕೆಲಸ. (ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅದು ಅಜ್ಜಂದಿರ ಕಥೆ ಮಾತ್ರ. ಅಲ್ಲಿ ಲೈಸೆನ್ಸ್ ಪಡೆದು, ಸೀಸನ್ನಿನಲ್ಲಿ ಆಡುತ್ತಾರೆ.)

ಕಟ್ಟುವ ರೀತಿ ನೋಡಬೇಕಿತ್ತು. ಒಂದರ ಮೆಟ್ಟಿಲು ಇನ್ನೊಂದರ ಸಂದಿಗೆ ಕೂರುವಂತೆ ಒಂದರೊಳಗೊಂದು ಜೋಡಿಸಿದರು. ಸ್ಟೀಲ್ ಲೋಟಗಳನ್ನು ಒಂದರೊಳಗೊಂದು ಇಡುತ್ತೇವಲ್ಲ, ಹಾಗೆ. ನಾಲ್ಕು ಕೋಲಿನ ಕಟ್ಟು ಹೆಚ್ಚುಕಡಿಮೆ ಎರಡರ ದಪ್ಪಕ್ಕೆ ಇಳಿಯಿತು. ಲೋಹಕ್ಕೆ ಲೋಹ ತಾಗುವ ಕಡೆಯೆಲ್ಲ ಹಾಕಿ ಸ್ಟಿಕ್ಕಿಗೆ ಸುತ್ತುವ ಬಟ್ಟೆಯ ಟೇಪು. ಪಟ್ಟಿಗಳನ್ನು ಬಿಗಿಯಾಗಿ ಸುರುಳಿ ಸುತ್ತಿ ರಬ್ಬರ್ ಬ್ಯಾಂಡ್. ಇಲ್ಲದಿದ್ದರೆ ಬಕಲ್ ತೂಗಾಡಿ ಟಣ್ ಎನ್ನುತ್ತದೆ. ಮರದ ಬುಡಕ್ಕೆ ಕಟ್ಟುವ ಕೋಲು ಹೊರಗಡೆ ಇರಬೇಕು, ಯಾಕೆಂದರೆ ಮೊದಲು ಬೇಕಾಗುವುದು ಅದೇ. ಇಡೀ ಕಟ್ಟು ಬೆನ್ನಿಗೆ ಅಂಟಿಕೊಂಡಿರಬೇಕು, ತಲೆಗಿಂತ ಮೇಲೆ ಚಾಚಬಾರದು. ಚಾಚಿದರೆ ಪ್ರತಿ ಕೊಂಬೆಯೂ ಹಿಡಿದು ಎಳೆಯುತ್ತದೆ.

ಸೂಟ್‌ಕೇಸ್ ತುಂಬುವುದರಲ್ಲಿ ನಾನು ಸ್ವಲ್ಪ ಹೆಸರು ಮಾಡಿದವನು. ಮುಂದಿನ ವಾರ ಜೊತೆಗೆ ಹೊರಟಾಗ, ಬ್ಯಾಗನ್ನು ನಾನೇ ಕಟ್ಟುತ್ತೇನೆಂದೆ. ಕಟ್ಟಿದೆ ಕೂಡ. ಒಂದು ಸದ್ದಿಲ್ಲ, ಒಂದು ಉಬ್ಬಿಲ್ಲ.

ಮುಕ್ಕಾಲು ಗಂಟೆ ನಡೆದು ಮರದ ಬುಡ ತಲುಪಿದೆವು. ಅವರು ಬ್ಯಾಗಿಗೆ ಕೈ ಹಾಕಿ ಮೊದಲು ತಡಕಾಡಿದ್ದು ಕೋಲಿಗಲ್ಲ, ಬೆಲ್ಟಿಗೆ. ಮರವನ್ನು ಸುತ್ತಿ ಸೊಂಟಕ್ಕೆ ಸೇರುವ ಹಗ್ಗ, ಬಿದ್ದರೆ ಹಿಡಿಯುವ ಪಟ್ಟಿಗಳು. ಅದು ಕಾರಿನ ಡಿಕ್ಕಿಯಲ್ಲಿತ್ತು. ಬ್ಯಾಗ್ ಉಬ್ಬುತ್ತದೆ ಎಂದು ನಾನೇ ತೆಗೆದಿಟ್ಟಿದ್ದೆ, ಕೊನೆಯಲ್ಲಿ ಮೇಲೆ ಸಿಕ್ಕಿಸೋಣ ಅಂತ.

ಅವರು ಬೈಯಲಿಲ್ಲ. ಬ್ಯಾಗ್ ಮತ್ತೆ ಬೆನ್ನಿಗೇರಿಸಿ ಬಂದ ದಾರಿಯಲ್ಲೇ ಹೊರಟರು. "ಇವತ್ತೊಂದು ದಿನ ಹಾಗೇ ಹತ್ತಬಹುದಲ್ಲ, 18 ಅಡಿ ತಾನೇ?" ಎಂದೆ. ಕಾಲು ನೆಲ ಬಿಡುವ ಮೊದಲೇ ಕಟ್ಟಿಕೊಳ್ಳಬೇಕು, ಇಲ್ಲದಿದ್ದರೆ ಹತ್ತಬಾರದು ಅಂದರು. ಅಷ್ಟೇ. ಕಾರು ಸೇರುವಾಗ ಬೆಳಕು ಹರಿದಿತ್ತು. ದೂರದಲ್ಲಿ ಒಂದು ಜಿಂಕೆ ಬಿಳಿ ಬಾಲ ಎತ್ತಿಕೊಂಡು ಓಡಿತು. ಒಂದು ಬೆಳಗು ನನ್ನಿಂದಾಗಿ ಹಾಳು.

ಆದರೆ ಕಾರಿನಲ್ಲಿ ನಾನು ಯೋಚಿಸುತ್ತಿದ್ದದ್ದು ಬೇರೆ. ನಾನು ಪಿಯುಸಿಯಲ್ಲಿದ್ದಾಗ ನಮ್ಮ ತೋಟದಲ್ಲಿ ಮೆಣಸು ಕುಯ್ಯುತ್ತಿದ್ದವರೊಬ್ಬರು ಸಿಲ್ವರ್ ಮರದಿಂದ ಬಿದ್ದರು. ಸೊಂಟ ಹೋಯಿತು. ಮತ್ತೆ ಮರ ಹತ್ತಲಿಲ್ಲ. ಆಸ್ಪತ್ರೆ ಖರ್ಚು ಅಪ್ಪ ಕೊಟ್ಟರು, ಎಲ್ಲರೂ "ಪಾಪ, ಕಾಲು ಜಾರಿತು" ಅಂದೆವು. ಹಗ್ಗ ಯಾಕಿರಲಿಲ್ಲ ಎಂದು ನಾನೂ ಕೇಳಲಿಲ್ಲ. ಆಮೇಲೆ ಬಿದಿರು ಹೋಗಿ ಅಲ್ಯೂಮಿನಿಯಂ ಏಣಿ ಬಂತು. ಹಗುರ, ಆದರೆ ಅದು ಕರೆಂಟ್ ತಂತಿಗೆ ತಾಗಿ ಜೀವ ಹೋದ ಸುದ್ದಿ ಕೊಡಗು, ಮಲೆನಾಡಿನಿಂದ ಬರುತ್ತಲೇ ಇರುತ್ತದೆ. ಏಣಿ ಬದಲಾಯಿತು, ಬೆಲ್ಟ್ ಬರಲಿಲ್ಲ.

ಪುಣೆಗೆ ಬಂದ ಮೇಲೆ ಅಪ್ಪನಿಗೆ ಫೋನ್ ಮಾಡಿ, ಈ ಸಲ ಮೆಣಸು ಕುಯ್ಯುವ ಹೊತ್ತಿಗೆ ನಾಲ್ಕು ಬೆಲ್ಟ್ ತರುತ್ತೇನೆ ಎಂದೆ.

"ಮರಕ್ಕೆ ಸುತ್ತೋದಾ? ಬುಡದಿಂದ ತುದಿವರೆಗೂ ಬಳ್ಳಿ ಹಬ್ಬಿರುತ್ತೆ ಕಣೋ. ಹಗ್ಗ ಮೇಲೆ ಜರುಗಿಸಿದ್ರೆ ಗೊನೆ ಎಲ್ಲ ಉದುರಿ ಹೋಗುತ್ತೆ."

ನಿಜ. ಅದು ನನಗೆ ಹೊಳೆದೇ ಇರಲಿಲ್ಲ. ಮೇಲಿನ ಕೊಂಬೆಗೆ ಹಗ್ಗ ಹಾಕೋಣವೆಂದರೆ ಸಿಲ್ವರ್ ಕೊಂಬೆ ಪಟ್ಟನೆ ಮುರಿಯುವ ಜಾತಿ. ಕಾಂಡಕ್ಕೇ, ಬಳ್ಳಿ ತೆಳುವಾದ ತುದಿಯಲ್ಲಿ ಒಂದು ಸುತ್ತು ಹಾಕಿ, ಅಲ್ಲಿಂದ ಹಗ್ಗ ಇಳಿಬಿಟ್ಟರೆ? ಹಾಕಲು ಮೊದಲು ಯಾರಾದರೂ ಹತ್ತಬೇಕಲ್ಲ! ಮಳೆಗಾಲಕ್ಕೆ ಮುಂಚೆ ನೆರಳು ಕಪಾತು ಮಾಡಲು ಹತ್ತಿದಾಗಲೇ ಹಾಕಿಟ್ಟರೆ ಆಗಬಹುದೇನೋ. ಇದನ್ನೆಲ್ಲ ಹೇಳಿದೆ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. "ತಗೊಂಡು ಬಾ. ಅಂಗಳದ ಪಕ್ಕದ ಮರಕ್ಕೆ ಮೊದಲು ನೀನೇ ಹತ್ತಿ ತೋರ್ಸು, ಆಮೇಲೆ ಅವರನ್ನ ಕೇಳೋಣ" ಅಂದರು.

ಡಿಸೆಂಬರ್ ಕೊನೆಗೆ ಟಿಕೆಟ್ ಬುಕ್ ಮಾಡಿದ್ದೇನೆ. ಸೂಟ್‌ಕೇಸಿನಲ್ಲಿ ಬೆಲ್ಟನ್ನೇ ಮೊದಲು ಇಟ್ಟಿದ್ದೇನೆ.