ಸೆರೆ ಸಿಕ್ಕವನಿಗೆ ಸಲ್ಲಬೇಕಾದ ಗೌರವ

ಕೂಡ್ಲಿಗಿ, ಹರಪನಹಳ್ಳಿ, ಹಡಗಲಿ ಸೀಮೆಯಲ್ಲಿ ವೀರಗಲ್ಲುಗಳಿಗೆ ಬರವಿಲ್ಲ. ಕಾದಿ ಮಡಿದವನನ್ನು ಅಪ್ಸರೆಯರು ಎತ್ತಿ ಶಿವನ ಸನ್ನಿಧಿಗೆ ಒಯ್ಯುವುದನ್ನು ಅಲ್ಲಿ ಕೆತ್ತಿದ್ದಾರೆ. ಗೆದ್ದು ಬಂದವನಿಗೆ ಉಂಬಳಿ ಸಿಗುತ್ತಿತ್ತು. ಗೆಲ್ಲದೆ, ಸಾಯದೆ, ಶತ್ರುವಿನ ಕೈಗೆ ಸಿಕ್ಕು ವರ್ಷಗಟ್ಟಲೆ ನವೆದವನಿಗೆ ಮಾತ್ರ ನಮ್ಮ ನೆನಪಿನಲ್ಲಿ ಜಾಗವಿಲ್ಲ. ಸೆರೆ ಸಿಗುವುದೆಂದರೆ ಹೇಡಿತನ ಎಂಬ ಎಣಿಕೆಯೇ ಇದಕ್ಕೆ ಕಾರಣ. ಆ ಎಣಿಕೆ ತಪ್ಪು, ಅನ್ಯಾಯದ್ದು ಕೂಡ.

ಶರಣಾಗುವ ತೀರ್ಮಾನ ಸಿಪಾಯಿಯದಲ್ಲ. ಮೊದಲ ಮಹಾಯುದ್ಧದಲ್ಲಿ, ಮೆಸೊಪೊಟೇಮಿಯಾದ ಕುತ್ ಪಟ್ಟಣದಲ್ಲಿ ಸುಮಾರು ಐದು ತಿಂಗಳ ಮುತ್ತಿಗೆಯ ನಂತರ, 1916ರ ಏಪ್ರಿಲ್ 29ರಂದು, ಬ್ರಿಟಿಷ್ ಭಾರತೀಯ ಸೇನೆಯ ಜನರಲ್ ಟೌನ್‌ಶೆಂಡ್ ತುರ್ಕರಿಗೆ ಶರಣಾದ. ಸೆರೆಯಾದ ಸುಮಾರು 13,000 ಜನರಲ್ಲಿ ಬಹುಪಾಲು ಭಾರತೀಯರು. ಮುತ್ತಿಗೆಯಲ್ಲಿ ಕೊಟ್ಟ ಕುದುರೆ ಮಾಂಸವನ್ನು ಬಹುದಿನ ಮುಟ್ಟದೆ ಹಸಿದು ಆಗಲೇ ಎಲುಬಿನ ಹಂದರವಾಗಿದ್ದ ಸಿಪಾಯಿಗಳನ್ನು ಮರುಭೂಮಿಯಲ್ಲಿ ನಡೆಸಿಕೊಂಡು ಹೋಗಿ ರೈಲುದಾರಿ ಕಟ್ಟಲು ಹಚ್ಚಿದರು. ದಾರಿಯಲ್ಲೇ ಸತ್ತವರು ಬಹಳ. ಟೌನ್‌ಶೆಂಡ್ ಮಾತ್ರ ಇಸ್ತಾಂಬುಲ್ ಬಳಿಯ ದ್ವೀಪವೊಂದರ ಬಂಗಲೆಯಲ್ಲಿ ಸುಖವಾಗಿದ್ದ. ಆಜ್ಞೆ ಕೊಟ್ಟವನಿಗೆ ಬಂಗಲೆ, ಪಾಲಿಸಿದವನಿಗೆ ಬಿಸಿಲು; ಇದರಲ್ಲಿ ನಾಚಿಕೆ ಯಾರ ಪಾಲಿಗೆ ಬರಬೇಕು? ಆ ನಡಿಗೆಯನ್ನು ಭಾರತೀಯನ ಕಣ್ಣಿನಿಂದ ನಾವು ಕಾಣಬಹುದಾದರೆ, ಆಂಬುಲೆನ್ಸ್ ದಳದ ಶಿಶಿರ್ ಸರ್ವಾಧಿಕಾರಿ ಬಂಗಾಳಿಯಲ್ಲಿ ಬರೆದಿಟ್ಟದ್ದರಿಂದ. ಓದು ಬರಹ ಬಾರದ ಸಿಪಾಯಿಯ ಕಥೆ ಅವನೊಂದಿಗೇ ಮಣ್ಣಾಯಿತು.

ಅದೇ ಯುದ್ಧದಲ್ಲಿ ಬ್ರಿಟಿಷರು ಸೆರೆಹಿಡಿದ ತುರ್ಕಿ ಸೈನಿಕರನ್ನು ಇಟ್ಟ ಶಿಬಿರಗಳಲ್ಲಿ ನಮ್ಮ ಬಳ್ಳಾರಿಯೂ ಒಂದು. ಕೂಡ್ಲಿಗಿ, ಹರಪನಹಳ್ಳಿ, ಹಡಗಲಿ ತಾಲ್ಲೂಕುಗಳೆಲ್ಲ ಆಗ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿದ್ದವು. 1917ರಲ್ಲಿ ಅಂತರರಾಷ್ಟ್ರೀಯ ರೆಡ್‌ಕ್ರಾಸ್‌ನವರು ಶಿಬಿರಕ್ಕೆ ಬಂದು ಆ ಸೆರೆಯಾಳುಗಳ ಊಟ, ವಸತಿ, ಆರೋಗ್ಯ ನೋಡಿ ವರದಿ ಬರೆದರು. ಅನತೋಲಿಯದ ರೈತನ ಮಗ ನಮ್ಮ ಬಂಡೆಗಳ ನಡುವೆ ಊರ ಕಾಗದಕ್ಕೆ ಕಾದು ಕೂತಿದ್ದಾಗ, ಭಾರತದ ರೈತರ ಮಕ್ಕಳು ಅವನ ನಾಡಿನಲ್ಲಿ ಕಲ್ಲು ಒಡೆಯುತ್ತಿದ್ದರು. ಇಬ್ಬರಿಗೂ ಆ ಜಗಳ ತಮ್ಮದಲ್ಲ.

ಸೆರೆಯಾದವನನ್ನೂ ಗೌರವಿಸಿದರೆ ಕಾದುವ ಛಲ ಕುಗ್ಗುತ್ತದೆ ಎನ್ನುವವರಿದ್ದಾರೆ. ಈ ಮಾತನ್ನು ಕೊನೆಯವರೆಗೆ ಒಯ್ದವರು ಜಪಾನೀಯರು. ಸೆರೆಯ ಅವಮಾನಕ್ಕಿಂತ ಸಾವೇ ಲೇಸೆಂದು 1941ರಲ್ಲಿ ಅವರ ಸೇನೆ ಸಿಪಾಯಿಗಳಿಗೆ ಬೋಧಿಸಿತು. ತನ್ನವನು ಸೆರೆಯಾಗುವುದನ್ನೇ ಹೇಸಿಗೆ ಎಂದುಕೊಂಡವನು ಪರರ ಸೆರೆಯಾಳನ್ನು ಮನುಷ್ಯನೆಂದು ಹೇಗೆ ಕಂಡಾನು? 1942ರ ಫೆಬ್ರವರಿಯಲ್ಲಿ ಸಿಂಗಪುರ ಬಿದ್ದಾಗ ಭಾರತೀಯ ಸಿಪಾಯಿಗಳನ್ನು ಬ್ರಿಟಿಷ್ ಅಧಿಕಾರಿಗಳಿಂದ ಬೇರ್ಪಡಿಸಿ ಜಪಾನೀಯರಿಗೆ ಒಪ್ಪಿಸಲಾಯಿತು. ಅವರಲ್ಲಿ, ಬ್ರಿಟಿಷರ ವಿರುದ್ಧ ಕಾದಲು ಕಟ್ಟಿದ ಆಜಾದ್ ಹಿಂದ್ ಫೌಜಿಗೆ ಸೇರಿದವರನ್ನು ಬ್ರಿಟಿಷ್ ಸರ್ಕಾರ ದ್ರೋಹಿಗಳೆಂದಿತು, ಜನ ವೀರರೆಂದರು. ಸೇರದೆ ಉಳಿದು ನ್ಯೂಗಿನಿಯಂಥ ಕಡೆಗೆ ಸಾಗಿಸಲ್ಪಟ್ಟು ಹಸಿವಿನಿಂದ ಸತ್ತವರನ್ನು ಯಾರೂ ಏನೂ ಅನ್ನಲಿಲ್ಲ, ಮರೆತರು. ಹೊಟ್ಟೆ ತುಂಬಿದ ನಾವು ಆ ಇಬ್ಬರಲ್ಲಿ ಯಾರನ್ನೂ ತೂಗಲು ಯೋಗ್ಯರಲ್ಲ.

1949ರ ಜಿನೀವಾ ಒಪ್ಪಂದ ಸೆರೆಯಾಳಿಗೆ ತಿಂಗಳಿಗೆ ಕನಿಷ್ಠ ಎರಡು ಪತ್ರ, ನಾಲ್ಕು ಕಾರ್ಡು ಬರೆಯುವ ಹಕ್ಕು ಕೊಟ್ಟಿದೆ. ಕಾದಾಟ ನಿಂತ ಮೇಲೆ ತಡಮಾಡದೆ ಊರಿಗೆ ಕಳಿಸಬೇಕೆಂದೂ ಹೇಳುತ್ತದೆ. ಕಾನೂನು ಅಷ್ಟರಮಟ್ಟಿಗೆ ಸರಿ. ಆದರೆ ಸಮಾನತೆ ಅದರಿಂದಷ್ಟೇ ಬರುವುದಿಲ್ಲ. 1965ರ ಯುದ್ಧದಲ್ಲಿ ಕೊಡಗಿನ ಪೈಲಟ್ ನಂದಾ ಕಾರ್ಯಪ್ಪ ಪಾಕಿಸ್ತಾನದಲ್ಲಿ ಸೆರೆಯಾದಾಗ, ತಂದೆ ಜನರಲ್ ಕಾರ್ಯಪ್ಪನವರ ಹಳೆಯ ಪರಿಚಯದ ಮೇಲೆ ಅಲ್ಲಿನ ಅಧ್ಯಕ್ಷ ಅಯೂಬ್ ಖಾನ್ ಅವನನ್ನು ಬಿಡಲು ಮುಂದಾದರು. ಸೆರೆಯಲ್ಲಿರುವವರೆಲ್ಲ ತನ್ನ ಮಕ್ಕಳೇ, ಇವನೊಬ್ಬನಿಗೆ ಬೇರೆ ಉಪಚಾರ ಬೇಡವೆಂದು ತಂದೆ ತಿಳಿಸಿದರು. ಈ ಪ್ರಸಂಗವನ್ನು ಹೆಮ್ಮೆಯಿಂದ ಹೇಳುವ ನಾವು ಆ 'ಎಲ್ಲರ' ಹೆಸರು ಕೇಳಲೇ ಇಲ್ಲ.

ಅಂಥ ಹೆಸರುಗಳು ಉಳಿದಿದ್ದರೆ ಮನೆಗಳಲ್ಲೇ. ಕೊಟ್ಟೂರು, ಹಗರಿಬೊಮ್ಮನಹಳ್ಳಿಯ ಹಳೆಯ ಮನೆಗಳ ಟ್ರಂಕಿನಲ್ಲಿ ಸೈನ್ಯದ ಡಿಸ್ಚಾರ್ಜ್ ಪುಸ್ತಕ, ಪಿಂಚಣಿ ಕಾಗದ, ಸೆನ್ಸಾರ್ ಮುದ್ರೆಯ ಕಾರ್ಡು ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಅಜ್ಜ ಹೇಳಿದ್ದು ನೆನಪಿದ್ದರೆ ಬರೆದಿಡಿ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಮಗೆ ದೂರವಿಲ್ಲ. ಅಲ್ಲಿನ ಸಂಶೋಧಕರು ಕೂಡ್ಲಿಗಿ, ಹರಪನಹಳ್ಳಿ, ಹಡಗಲಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ ಈ ಐದೂ ತಾಲ್ಲೂಕುಗಳಲ್ಲಿ ಮನೆಮನೆಗೆ ಹೋಗಿ ಇವನ್ನು ಸಂಗ್ರಹಿಸಬೇಕು.